ಹದಿನೇಳು ಗಂಟೆ ಎಂಬ ತಪ್ಪು ಲೆಕ್ಕ



ಹುಡುಗನೊಬ್ಬ ಕರಿಹಲಗೆಯ ಮೇಲೆ ತಪ್ಪು ಲೆಕ್ಕ ಬರೆದಾಗ ಅದನ್ನು ತಿದ್ದದೆ ಮುಂದಿನ ಪಾಠಕ್ಕೆ ಹೋದ ನೆನಪು ನನಗಿಲ್ಲ. ವೃತ್ತಿಯುದ್ದಕ್ಕೂ ನಾನು ತಪ್ಪದೆ ಪಾಲಿಸಿದ ಕೆಲವೇ ನಿಯಮಗಳಲ್ಲಿ ಅದೂ ಒಂದು. ಆದರೆ 2024ರ ಆಗಸ್ಟ್ ತಿಂಗಳಿನಲ್ಲಿ, ನೂರಾರು ಜನ ಕುಳಿತಿದ್ದ ಊಟದ ಪಂಕ್ತಿಯಲ್ಲಿ, ಒಂದು ತಪ್ಪು ಲೆಕ್ಕವನ್ನು ಕಿವಿಯಾರೆ ಕೇಳಿಯೂ ತಲೆ ತಗ್ಗಿಸಿಕೊಂಡು ಊಟ ಮುಗಿಸಿ ಎದ್ದೆ. ಅಂದಿನ ಮೌನ ಇನ್ನೂ ಚುಚ್ಚುತ್ತಿದೆ. ಆದ್ದರಿಂದ ಆ ಲೆಕ್ಕವನ್ನು ಇಲ್ಲಿ, ನಿಮ್ಮೆಲ್ಲರ ಎದುರಿಗೆ, ಒಂದೊಂದೇ ಹೆಜ್ಜೆಯಾಗಿ ಬಿಡಿಸಿ ತೋರಿಸಬೇಕೆಂದಿದ್ದೇನೆ.

ಅದು ಸಾಗರದ ಹತ್ತಿರದ ಹಳ್ಳಿಯಲ್ಲಿ ನನ್ನ ಅಕ್ಕನ ಹದಿಮೂರನೆಯ ದಿನದ ಊಟ. ಅಕ್ಕನ ಒಬ್ಬನೇ ಮಗ ಕ್ಯಾಲಿಫೋರ್ನಿಯದಲ್ಲಿದ್ದಾನೆ; ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಿಂದ ಅವನ ಮನೆಗೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ತಾಯಿಯ ಚಿತೆಗೆ ಬೆಂಕಿಯಿಡಲು ಅವನಿಗೆ ಆಗಲಿಲ್ಲ. ದಾಯಾದಿಯ ಮಗನೊಬ್ಬ ಆ ಕೆಲಸ ಮಾಡಿದ. ಮರುದಿನ ಸಂಜೆ ಬಂದಿಳಿದ ಅವನು ಉಳಿದ ಕರ್ಮಗಳನ್ನೆಲ್ಲ ಶ್ರದ್ಧೆಯಿಂದ ಪೂರೈಸಿದ. ಅಂದು ಪಂಕ್ತಿಯ ನಡುವೆ ಉಪಚಾರ ಹೇಳುತ್ತ ಬರುತ್ತಿದ್ದಾಗ ನನ್ನ ಎದುರು ಸಾಲಿನಲ್ಲಿದ್ದ ಹಿರಿಯರೊಬ್ಬರು ಪಕ್ಕದವರಿಗೆ ಹೇಳಿದರು: “ಮಂಗಳವಾರ ರಾತ್ರಿ ಒಂಬತ್ತಕ್ಕೆ ಸುದ್ದಿ ಮುಟ್ಟಿದೆ. ಅಮೆರಿಕ ಈಗ ಹದಿನೇಳು ಗಂಟೆಯ ದಾರಿ ಅಷ್ಟೇ ಮಾರಾಯ. ಬುಧವಾರ ಮಧ್ಯಾಹ್ನ ಎರಡಕ್ಕೆ ಇಲ್ಲಿರಬಹುದಿತ್ತು. ಬೆಂಕಿಯಿಟ್ಟದ್ದು ಮೂರಕ್ಕೆ. ಬರುವ ಮನಸ್ಸು ಬೇಕಲ್ಲ!”

ಆ ಮಾತು ಅವನಿಗೆ ಕೇಳಿಸಿತು. “ಸಾವಕಾಶ ಊಟ ಮಾಡಿ” ಎಂದು ಅವರಿಗೂ ಹೇಳಿ ಮುಂದಿನ ಎಲೆಗೆ ನಡೆದ.

ಒಂಬತ್ತಕ್ಕೆ ಹದಿನೇಳನ್ನು ಕೂಡಿಸಿದರೆ ಮರುದಿನ ಎರಡು, ಸಂಕಲನದಲ್ಲಿ ತಪ್ಪಿಲ್ಲ. ತಪ್ಪಿರುವುದು ಹದಿನೇಳು ಎಂಬ ಅಂಕಿಯಲ್ಲಿ. ಆ ಅಂಕಿ ನಮ್ಮ ಬಂಧುಬಳಗಕ್ಕೆ ಬಂದದ್ದು ಎಲ್ಲಿಂದ ಎಂದು ಕೇಳಿದರೆ, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ನನ್ನಿಂದ.

2021ರ ಜನವರಿ 9ರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಎಲ್ಲಿಯೂ ನಿಲ್ಲದೆ, ಉತ್ತರ ಧ್ರುವದ ಮೇಲಿನಿಂದ ಹಾದು, ಜನವರಿ 11ರ ಸೋಮವಾರ ನಸುಕಿನ ಮೂರು ಗಂಟೆಯ ಸುಮಾರಿಗೆ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಝೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದವರೆಲ್ಲ ಮಹಿಳೆಯರೇ. ಪತ್ರಿಕೆಯಲ್ಲಿ ಆ ಸುದ್ದಿ ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಪತ್ರಿಕೆಯನ್ನೂ ಮನೆಯಲ್ಲಿದ್ದ ಹಳೆಯ ಭೂಗೋಳವನ್ನೂ ಹೊತ್ತುಕೊಂಡು ಅಕ್ಕನ ಮನೆಗೆ ಹೋಗಿ, ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿ ಪಾಠ ಮಾಡಿದೆ. ನಿವೃತ್ತ ಮೇಷ್ಟರಿಗೆ ವಿದ್ಯಾರ್ಥಿಗಳು ಸಿಗುವುದು ದುರ್ಲಭ, ಸಿಕ್ಕಾಗ ಬಿಡುವುದುಂಟೇ?

ಆ ಪಾಠದ ಮೊದಲರ್ಧ ಸರಿಯಾಗಿಯೇ ಇತ್ತು. ಅದನ್ನು ನಿಮಗೂ ಹೇಳುತ್ತೇನೆ.

ಗೋಡೆಗೆ ತೂಗುಹಾಕುವ ಪ್ರಪಂಚದ ನಕ್ಷೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಕೇಲು ಇಟ್ಟು ಗೆರೆ ಎಳೆದರೆ, ಅದು ಪೂರ್ವಕ್ಕೆ ಹೊರಟು ಶಾಂತಸಾಗರವನ್ನು ಅಡ್ಡಲಾಗಿ ದಾಟುತ್ತದೆ. ಆದರೆ ಭೂಮಿ ಕಾಗದದ ಹಾಳೆಯಲ್ಲ. 1569ರಲ್ಲಿ ಮರ್ಕೇಟರ್ ರಚಿಸಿದ ನಕ್ಷೆ ನಾವಿಕರಿಗೆ ದಿಕ್ಕು ತಪ್ಪದಂತೆ ನೋಡಿಕೊಂಡಿತು. ಅದಕ್ಕಾಗಿ ಧ್ರುವಗಳ ಕಡೆಯ ನೆಲವನ್ನು ಹಿಗ್ಗಿಸಬೇಕಾಯಿತು. ಆಫ್ರಿಕದ ಹದಿನಾಲ್ಕರಲ್ಲಿ ಒಂದು ಪಾಲಿನಷ್ಟಿರುವ ಗ್ರೀನ್‌ಲ್ಯಾಂಡ್ ಆ ನಕ್ಷೆಯಲ್ಲಿ ಆಫ್ರಿಕದಷ್ಟೇ ದೊಡ್ಡದಾಗಿ ಕಾಣುವುದು ಇದೇ ಕಾರಣದಿಂದ. ನಕ್ಷೆಯ ಮೇಲಿನ ನೇರ ಗೆರೆ ಭೂಮಿಯ ಮೇಲೆ ನೇರ ದಾರಿಯಾಗಬೇಕಿಲ್ಲ.

ಹಾಗಾದರೆ ನೇರ ದಾರಿ ಯಾವುದು? ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿಯಿರಿ; ದಾರ ತಾನಾಗಿಯೇ ಅತಿ ಹತ್ತಿರದ ದಾರಿಯನ್ನು ಹುಡುಕಿಕೊಳ್ಳುತ್ತದೆ. ಇದನ್ನೇ ಮಹಾವೃತ್ತದ ಕಂಸ ಎನ್ನುತ್ತಾರೆ. ಮೂವತ್ತು ಸೆಂಟಿಮೀಟರ್ ವ್ಯಾಸದ ಭೂಗೋಳದ ಮೇಲೆ ಈ ಎರಡು ಊರುಗಳ ನಡುವಣ ದಾರ ಸುಮಾರು 33 ಸೆಂಟಿಮೀಟರ್ ಬರುತ್ತದೆ. ಒಂದು ಸೆಂಟಿಮೀಟರಿಗೆ ಸುಮಾರು 425 ಕಿಲೋಮೀಟರ್ ಎಂದು ಗುಣಿಸಿದರೆ 14,000 ಕಿಲೋಮೀಟರ್. ಆ ದಾರ ನೇಪಾಳ, ಟಿಬೆಟ್, ಚೀನದ ಪಶ್ಚಿಮ ಭಾಗ, ಸೈಬೀರಿಯಗಳ ಮೇಲೆ ಹಾದು, ಉತ್ತರ ಹಿಮಸಾಗರದ ಅಂಚನ್ನು ಮುಟ್ಟಿ, ಅಲಾಸ್ಕದ ಮೂಲಕ ಕೆಳಗಿಳಿಯುತ್ತದೆ. ನಕ್ಷೆಯ ಮೇಲಿನ ಗೆರೆಗಿಂತ ಇದು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಹತ್ತಿರ.

ನಂಬಿಕೆ ಬರದವರಿಗೆ ಇನ್ನೊಂದು ಉದಾಹರಣೆ. ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಅಲಾಸ್ಕದ ಆಂಕರೇಜ್ ಎರಡೂ ಹೆಚ್ಚುಕಡಿಮೆ 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ರೇಖಾಂಶದಲ್ಲಿ ಬಹುಮಟ್ಟಿಗೆ 180 ಡಿಗ್ರಿ ಅಂತರ. ಅಕ್ಷಾಂಶವನ್ನೇ ಹಿಡಿದು ಹೋದರೆ 10,000 ಕಿಲೋಮೀಟರ್. ಧ್ರುವದ ಮೇಲೆ ಹೋದರೆ ಮೇಲಕ್ಕೆ 30 ಡಿಗ್ರಿ, ಕೆಳಕ್ಕೆ 30 ಡಿಗ್ರಿ. ಡಿಗ್ರಿಗೆ 111 ಕಿಲೋಮೀಟರಿನಂತೆ 6,700 ಕಿಲೋಮೀಟರಿಗೂ ಕಡಿಮೆ. ಎಸ್ಸೆಸ್ಸೆಲ್ಸಿ ಮಕ್ಕಳು ಮಾಡಬಹುದಾದ ಲೆಕ್ಕ.

ಅಕ್ಕ ದಾರವನ್ನು ತಾನೂ ಹಿಡಿದು ನೋಡಿದಳು. “ಇಷ್ಟೇ ಉದ್ದವೇನೋ?” ಎಂದು ಕೇಳಿದಳು. ನಾನು ಪಾಠದ ಉತ್ಸಾಹದಲ್ಲಿ ಹೇಳಿಬಿಟ್ಟೆ: “ಇಷ್ಟೇ. ಇನ್ನು ಮೇಲೆ ನಿನ್ನ ಮಗ ಹದಿನೇಳು ಗಂಟೆಯ ದೂರದಲ್ಲಿದ್ದಾನೆ ಅಂತ ತಿಳಿದುಕೋ.” ನನ್ನ ತಪ್ಪು ಆರಂಭವಾದದ್ದು ಆ ವಾಕ್ಯದಿಂದ.

ಎರಡು ನಿಲ್ದಾಣಗಳ ನಡುವಣ ದೂರ ಸ್ಥಿರವಾದದ್ದು. ಅದನ್ನು ದಾಟಲು ಬೇಕಾದ ಸಮಯ ಹಾಗಲ್ಲ. ಆ ಮೊದಲ ಹಾರಾಟದ ದೂರವನ್ನು ಪತ್ರಿಕೆಗಳು ಸುಮಾರು 16,000 ಕಿಲೋಮೀಟರ್ ಎಂದು ಬರೆದವು. ನನ್ನ ದಾರ ಹೇಳಿದ್ದು 14,000. ಎರಡೂ ನಿಜವೇ: ದಾರ ಅಳೆದದ್ದು ಭೂಮಿಯ ಮೇಲಿನ ಕನಿಷ್ಠ ಅಂತರವನ್ನು, ಪತ್ರಿಕೆ ಬರೆದದ್ದು ವಿಮಾನ ಸಾಗುವ ದಾರಿಯನ್ನು. ಗಾಳಿ, ಹವಾಮಾನ, ದೇಶಗಳ ಅನುಮತಿ, ಕೆಳಗಿರುವ ನೆಲ ಇವೆಲ್ಲವನ್ನೂ ನೋಡಿಯೇ ವಿಮಾನದ ದಾರಿ ನಿಶ್ಚಯವಾಗಬೇಕು. ದಾರ ಟಿಬೆಟ್ಟಿನ ಮೇಲೆ ನಿರಾತಂಕವಾಗಿ ಹಾಯುತ್ತದೆ. ವಿಮಾನಗಳು ಸಾಧ್ಯವಾದಷ್ಟೂ ಆ ಪ್ರಸ್ಥಭೂಮಿಯನ್ನು ತಪ್ಪಿಸುತ್ತವೆ. ಒಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ಉಸಿರಾಟಕ್ಕಾಗಿ ವಿಮಾನವನ್ನು ಹತ್ತು ಸಾವಿರ ಅಡಿಯ ಆಸುಪಾಸಿಗೆ ಇಳಿಸಬೇಕು. ಅಲ್ಲಿಯ ನೆಲವೇ ಅದಕ್ಕಿಂತ ಎತ್ತರದಲ್ಲಿದೆ.

ಗಾಳಿಯ ಮಾತು ಬಂದಾಗ ತರಗತಿಯಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದ ಪ್ರಶ್ನೆ ನೆನಪಾಗುತ್ತದೆ: “ಸಾರ್, ಭೂಮಿ ತಿರುಗುತ್ತಾ ಇದೆಯಲ್ಲ, ವಿಮಾನ ಮೇಲೆದ್ದು ಸುಮ್ಮನೆ ನಿಂತರೆ ಅಮೆರಿಕವೇ ಕೆಳಗೆ ಬರುವುದಿಲ್ಲವೇ?” ಬರುವುದಿಲ್ಲ. ಓಡುವ ರೈಲಿನೊಳಗೆ ಮೇಲಕ್ಕೆಸೆದ ಚೆಂಡು ನಿಮ್ಮ ಕೈಗೇ ಬೀಳುವಂತೆ, ಭೂಮಿಯೊಡನೆ ಅದರ ಗಾಳಿಯೂ ಗಾಳಿಯಲ್ಲಿರುವ ವಿಮಾನವೂ ತಿರುಗುತ್ತಿರುತ್ತವೆ. ಆದರೆ ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಬಲವಾದ ಗಾಳಿಯ ಹೊಳೆಗಳಿವೆ. ಜೆಟ್ ಸ್ಟ್ರೀಮ್ ಎಂದು ಅವುಗಳ ಹೆಸರು. ಜಪಾನಿನ ವಸಾಬುರೋ ಓಯಿಶಿ ಎಂಬ ಹವಾಮಾನ ವಿಜ್ಞಾನಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಸಿ ಇವನ್ನು ಗುರುತಿಸಿದ್ದರು. ಜಗತ್ತಿಗೆಲ್ಲ ತಿಳಿಯಲೆಂದು ಎಸ್ಪೆರಾಂಟೋ ಭಾಷೆಯಲ್ಲಿ ವರದಿ ಪ್ರಕಟಿಸಿದರು. ಜಗತ್ತು ಅದನ್ನು ಗಮನಿಸಲೇ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ವಿಮಾನಗಳು ಆ ಗಾಳಿಗೆ ಸಿಕ್ಕಿ ಬೆರಗಾದವು.

ಈ ಗಾಳಿಯಿಂದಾಗುವ ವ್ಯತ್ಯಾಸವನ್ನು ಲೆಕ್ಕ ಹಾಕಿ ನೋಡಿ. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನಕ್ಕೆ 14,000 ಕಿಲೋಮೀಟರ್ ದಾಟಲು ಸುಮಾರು ಹದಿನೈದೂವರೆ ಗಂಟೆ ಬೇಕು. ದಾರಿಯುದ್ದಕ್ಕೂ ನೂರು ಕಿಲೋಮೀಟರಿನ ಗಾಳಿ ಬೆನ್ನಿಗಿದ್ದರೆ ಹದಿನಾಲ್ಕು ಗಂಟೆ. ಅದೇ ಗಾಳಿ ಎದುರಿಗಿದ್ದರೆ ಹದಿನೇಳೂವರೆ. ವಿಮಾನ ಅದೇ, ದೂರ ಅದೇ. ಸಮಯದಲ್ಲಿ ಮೂರೂವರೆ ಗಂಟೆಯ ಅಂತರ.

ಗಾಳಿಗಿಂತಲೂ ಬಲವಾದದ್ದು ದೇಶದೇಶಗಳ ಜಗಳ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ಯುರೋಪಿನ ವಿಮಾನಗಳಿಗೆ ರಷ್ಯದ ಆಕಾಶ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯಲ್ಲಿ ಮುಗಿಯುತ್ತಿದ್ದ ಪ್ರಯಾಣ ಹದಿಮೂರು ಗಂಟೆಯ ಸುಮಾರಿಗೆ ಏರಿತು. ಆ ಎರಡು ನಗರಗಳಲ್ಲಿ ಯಾವುದೂ ಇದ್ದಲ್ಲಿಂದ ಕದಲಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಅರಬ್ಬೀ ಸಮುದ್ರದ ಕಡೆಯಿಂದ ಸುತ್ತುಹಾಕಬೇಕಾಯಿತು. ಇನ್ನು ಯಂತ್ರದ ಪಾಡು: 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಎಂಜಿನ್ನಿನ ತೊಂದರೆಯಿಂದ ರಷ್ಯದ ಪೂರ್ವದ ತುದಿಯ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. ಬದಲಿ ವಿಮಾನ ಹೋಗಿ ಆ ಪ್ರಯಾಣಿಕರನ್ನು ಗುರಿ ಮುಟ್ಟಿಸುವಷ್ಟರಲ್ಲಿ, ದೆಹಲಿ ಬಿಟ್ಟು ಎರಡು ದಿನ ಮೀರಿತ್ತು.

ಇಷ್ಟೆಲ್ಲ ಆದರೂ ನಾವಿನ್ನೂ ನಿಲ್ದಾಣದಿಂದ ನಿಲ್ದಾಣಕ್ಕಷ್ಟೇ ಬಂದಿದ್ದೇವೆ. ಯಾರ ತಾಯಿಯೂ ವಿಮಾನ ನಿಲ್ದಾಣದಲ್ಲಿ ವಾಸಿಸುವುದಿಲ್ಲ. ಯಾರ ಮಗನೂ ವಿಮಾನದ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತಿರುವುದಿಲ್ಲ. ಈಗ ಆ ಮಂಗಳವಾರದ ಲೆಕ್ಕಕ್ಕೆ ಬರೋಣ.

ಅಕ್ಕ ತೀರಿಕೊಂಡದ್ದು ರಾತ್ರಿ ಒಂಬತ್ತಕ್ಕೆ. ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಆಗ ಮಂಗಳವಾರದ ಬೆಳಗಿನ ಎಂಟೂವರೆ. ಹುಡುಗ ಕೆಲಸಕ್ಕೆ ಹೊರಟಿದ್ದ. ಸುದ್ದಿ ಕೇಳಿದೊಡನೆ ಟಿಕೆಟ್ಟಿಗಾಗಿ ಹುಡುಕಿದ. ನೇರ ವಿಮಾನದಲ್ಲಿ ಜಾಗ ಸಿಗಲಿಲ್ಲ. ದುಬೈ ಮಾರ್ಗವಾಗಿ ಸಿಕ್ಕಿತು. ಹೊರಡುವುದು ಸಂಜೆ ನಾಲ್ಕಕ್ಕೆ. ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕಾದ್ದರಿಂದ ಹನ್ನೆರಡಕ್ಕೆ ಮನೆ ಬಿಟ್ಟ. ನಾಲ್ಕಕ್ಕೆ ವಿಮಾನ ಹೊರಟಾಗ ನಮ್ಮ ಗಡಿಯಾರದಲ್ಲಿ ಬುಧವಾರ ನಸುಕಿನ ನಾಲ್ಕೂವರೆ. ಅಂದರೆ ಒಂದು ಮೈಲಿಯೂ ಹಾರದೆಯೇ ಏಳೂವರೆ ಗಂಟೆ ಕಳೆದಿತ್ತು.

ಸ್ಯಾನ್ ಫ್ರಾನ್ಸಿಸ್ಕೋದಿಂದ ದುಬೈಗೆ ಸುಮಾರು 13,000 ಕಿಲೋಮೀಟರ್. ಹದಿನಾರು ಗಂಟೆ ಹಾರಿ ಇಳಿದಾಗ ನಮ್ಮಲ್ಲಿ ಬುಧವಾರ ರಾತ್ರಿ ಎಂಟೂವರೆ. ಚಿತೆ ಆರಿ ಬಂಧುಗಳು ಸ್ನಾನ ಮುಗಿಸಿ ಮನೆ ಸೇರಿದ್ದರು. ಬೆಂಗಳೂರಿನ ವಿಮಾನಕ್ಕಾಗಿ ಅಲ್ಲಿ ಎಂಟೂವರೆ ಗಂಟೆ ಕಾದ. ಮುಂದೆ ನಾಲ್ಕು ಗಂಟೆಯ ಹಾರಾಟ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ದೇವನಹಳ್ಳಿ. ಪಾಸ್‌ಪೋರ್ಟ್ ತಪಾಸಣೆ ಮುಗಿಸಿ, ಪೆಟ್ಟಿಗೆ ಪಡೆದು ಹೊರಬರುವಾಗ ಹತ್ತು. ಅಲ್ಲಿಂದ ಸಾಗರದ ಕಡೆಗೆ ಮಳೆಗಾಲದ ರಸ್ತೆಯಲ್ಲಿ ಕಾರಿನಲ್ಲಿ ಎಂಟು ಗಂಟೆ. ಮನೆಯ ಅಂಗಳದಲ್ಲಿ ಅವನು ಇಳಿದಾಗ ಗುರುವಾರ ಸಂಜೆ ಆರು.

ಮಂಗಳವಾರ ರಾತ್ರಿ ಒಂಬತ್ತರಿಂದ ಗುರುವಾರ ಸಂಜೆ ಆರರವರೆಗೆ ನಲವತ್ತೈದು ಗಂಟೆ. ಹದಿನೇಳಲ್ಲ, ನಲವತ್ತೈದು.

“ನೇರ ವಿಮಾನ ಸಿಕ್ಕಿದ್ದರೆ?” ಎಂದು ಕೇಳಬಹುದು. ಅದನ್ನೂ ನೋಡೋಣ. ಆ ಸಂಜೆ ಎಂಟೂವರೆಗೆ ಹೊರಡುವ ವಿಮಾನದಲ್ಲಿ ಜಾಗ ಸಿಕ್ಕಿತ್ತೆಂದೇ ಇಟ್ಟುಕೊಳ್ಳಿ. ನಮ್ಮಲ್ಲಿ ಅದು ಬುಧವಾರ ಬೆಳಗಿನ ಒಂಬತ್ತು. ಹದಿನೇಳು ಗಂಟೆ ಕೂಡಿಸಿದರೆ ಗುರುವಾರ ನಸುಕಿನ ಎರಡು. ಹೊರಬಂದು ಕಾರು ಹಿಡಿದು ಊರು ಮುಟ್ಟುವಾಗ ಗುರುವಾರ ಮಧ್ಯಾಹ್ನ. ಶಿವಮೊಗ್ಗದಲ್ಲಿ 2023ರಿಂದ ವಿಮಾನ ನಿಲ್ದಾಣವಿದೆಯಲ್ಲ ಎನ್ನುವವರಿಗೂ ಇದೇ ಉತ್ತರ: ಅಲ್ಲಿಗೆ ಹೋಗುವ ವಿಮಾನದ ವೇಳೆಯೂ ಕೂಡಿಬರಬೇಕು, ಆ ನಸುಕಿನಲ್ಲಿ ಅದಕ್ಕಾಗಿ ಕಾಯಬೇಕು. ಹೇಗೆ ಕೂಡಿಸಿದರೂ ಬುಧವಾರ ಮೂರು ಗಂಟೆಗೆ ಆ ಹುಡುಗ ಸ್ಮಶಾನದಲ್ಲಿರುವುದು ಸಾಧ್ಯವಿರಲಿಲ್ಲ. ಅವನಿಗೆ ಮನಸ್ಸಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ.

ಇಷ್ಟನ್ನು ಬರೆದು ನಿಲ್ಲಿಸಿದ್ದರೆ ಇದು ಸೋದರಳಿಯನ ಪರವಾದ ವಕಾಲತ್ತು ಮಾತ್ರ ಆಗುತ್ತಿತ್ತು. ಆದರೆ ಅವನು ಮರಳಿ ಹೊರಡುವ ಹಿಂದಿನ ದಿನ ಅದೇ ಜಗಲಿಯಲ್ಲಿ ನಾವಿಬ್ಬರೇ ಕುಳಿತಿದ್ದಾಗ ನಾನು ಈ ಲೆಕ್ಕವನ್ನೆಲ್ಲ ಹೇಳಿ, “ನಿನ್ನ ತಪ್ಪೇನೂ ಇಲ್ಲ” ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ಅದು ಗೊತ್ತು ಮಾವ. ಆ ಎರಡು ದಿನದ ಲೆಕ್ಕ ನನಗೆ ಬೇಸರವಿಲ್ಲ. ಅದಕ್ಕೆ ಮೊದಲು ಎರಡು ತಿಂಗಳು ಅಮ್ಮನಿಗೆ ಹುಷಾರಿರಲಿಲ್ಲವಲ್ಲ. ಬರುತ್ತೇನೆ ಅಂತ ಫೋನಿನಲ್ಲಿ ಹೇಳಿದಾಗಲೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ ಮಾತು: ಈಗ್ಯಾಕೆ, ರಜೆ ಹಾಳು ಮಾಡಿಕೊಳ್ಳಬೇಡ; ಹದಿನೇಳು ಗಂಟೆ ಅಷ್ಟೇ ಅಲ್ಲವೋ, ಬೇಕಾದಾಗ ಕರೆಯುತ್ತೇನೆ. ನನಗೂ ಹಾಗೆಯೇ ಅನ್ನಿಸಿತು.”

ನನಗೆ ಮಾತು ಹೊರಡಲಿಲ್ಲ. ದಾರ ಹಿಡಿದು ನೋಡಿದ ಅಕ್ಕನ ಕೈ ಕಣ್ಣಮುಂದೆ ಬಂತು. ತಮ್ಮ ಮೇಷ್ಟರು, ಅವನು ಹೇಳಿದ ಅಂಕಿ ತಪ್ಪಾಗಲು ಸಾಧ್ಯವೇ ಎಂದು ಅವಳು ಅದನ್ನು ಮೂರು ವರ್ಷ ಕಾಪಾಡಿಕೊಂಡು ಬಂದಿದ್ದಳು. ಸಮಾಧಾನಕ್ಕೆಂದು ನಾನು ಕೊಟ್ಟ ಅಂಕಿ ಅವಳಿಗೆ ಮಗನನ್ನು ಕರೆಯದಿರಲು ಕಾರಣವಾಯಿತು. ಅವನಿಗೆ ಬರದಿರಲು ಕಾರಣವಾಯಿತು. ಕೊನೆಗೆ ಪಂಕ್ತಿಯಲ್ಲಿ ಕುಳಿತವರಿಗೆ ಅವನನ್ನು ಹಳಿಯಲು ಕಾರಣವಾಯಿತು.

ಹಾಗೆ ನೋಡಿದರೆ ದೂರ ಬೇರೆ, ಸಮಯ ಬೇರೆ ಎಂಬುದು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾದ ವಿಷಯವಲ್ಲ. ನನ್ನ ಅಜ್ಜಿ ದೂರವನ್ನು ಮೈಲಿಗಳಲ್ಲಿ ಹೇಳುತ್ತಿರಲಿಲ್ಲ. “ಒಂದು ಕವಳ ಹಾಕಿ ಮುಗಿಸುವಷ್ಟು ದೂರ” ಎನ್ನುತ್ತಿದ್ದಳು. ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿಯ ನೀರು ನಿಂತ ಮೇಲೆ ನಮ್ಮ ತಾಲ್ಲೂಕಿನ ತುಮರಿ ಸೀಮೆಯವರು ಎಷ್ಟು ವರ್ಷ ಲಾಂಚ್ ಕಾದರು! ಅಂಬಾರಗೋಡ್ಲಿನ ದಡದಲ್ಲಿ ನಿಂತರೆ ಆಚೆಯ ಕಳಸವಳ್ಳಿಯ ದಡ ಕಣ್ಣಿಗೆ ಕಾಣುತ್ತಿತ್ತು. ನಡುವೆ ಎರಡು ಕಿಲೋಮೀಟರಿನಷ್ಟು ನೀರು. ಆದರೆ ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಆ ಎರಡು ಕಿಲೋಮೀಟರ್ ಬೆಳಗಿನವರೆಗೂ ಉದ್ದವಾಗುತ್ತಿತ್ತು. ರಾತ್ರಿ ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಸಾಗಿಸುವ ಕಷ್ಟವನ್ನು ಆಚೆಯ ದಡದ ನನ್ನ ವಿದ್ಯಾರ್ಥಿಗಳನ್ನು ಕೇಳಿ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾದಾಗ ಅವರು ಸಂಭ್ರಮಿಸಿದ್ದು ದೂರ ಕಡಿಮೆಯಾಯಿತೆಂದಲ್ಲ, ಕಾಯುವುದು ತಪ್ಪಿತೆಂದು. ನೀರಿನ ಅಗಲ ಅಷ್ಟೇ ಇದೆ. ಲಾಂಚಿನ ವೇಳೆಯನ್ನು ಇಷ್ಟು ಚೆನ್ನಾಗಿ ಬಲ್ಲ ನಾವು, ಸಾಗರದಾಚೆಯ ಮಕ್ಕಳ ವಿಷಯಕ್ಕೆ ಬಂದಾಗ ನೀರಿನ ಅಗಲವನ್ನಷ್ಟೇ ಅಳೆದು ಕೂತೆವು.

ಹೀಗಾಗಿ ಮೂರು ಮಾತುಗಳನ್ನು ಹೇಳಬೇಕೆಂದಿದ್ದೇನೆ. ವಯಸ್ಸಿನ ಸಲಿಗೆಯಿಂದ ಹೇಳುತ್ತಿದ್ದೇನೆ, ತಪ್ಪು ತಿಳಿಯಬಾರದು.

ಮೊದಲನೆಯದು, ಊರಿನಲ್ಲಿರುವ ಬಂಧುಗಳಿಗೆ. ಮಕ್ಕಳಿಗಾಗಿ ಕಾಯಬೇಕೋ ಬೇಡವೋ ಎಂಬುದು ಆಯಾ ಮನೆಯ ಸಂಪ್ರದಾಯ, ಅನುಕೂಲಗಳಿಗೆ ಬಿಟ್ಟ ವಿಷಯ. ಆ ಬುಧವಾರ ಕಾಯದಿರಲು ನಿರ್ಧರಿಸಿದ ಹಿರಿಯರಲ್ಲಿ ನಾನೂ ಒಬ್ಬ. ಅದು ತಪ್ಪೆಂದು ಈಗಲೂ ಹೇಳುವುದಿಲ್ಲ. ಆದರೆ ಕಾಯದಿರುವ ನಿರ್ಧಾರ ನಮ್ಮದಾಗಿರುವಾಗ ಬಾರದಿರುವ ಅಪರಾಧವನ್ನು ಅವರ ಮೇಲೆ ಹೊರಿಸಬಾರದು. ಬರಬಹುದಾಗಿದ್ದರೂ ಬಾರದ ಮಕ್ಕಳೂ ಲೋಕದಲ್ಲಿ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅವರನ್ನು ಗುರುತಿಸಬೇಕಾದದ್ದು ಆ ಕಡೆಯ ಎರಡು ದಿನಗಳಿಂದಲ್ಲ, ಅದಕ್ಕೆ ಹಿಂದಿನ ಹತ್ತು ವರ್ಷಗಳಿಂದ. ಪಂಕ್ತಿಯಲ್ಲಿ ಆ ಮಾತಾಡಿದ ಹಿರಿಯರು ಇದನ್ನು ಓದುತ್ತಾರೆಂದು ಬಲ್ಲೆ. ಅವರ ಮೇಲೆ ನನಗೆ ಕೋಪವಿಲ್ಲ; ಅಂಕಿ ಕೊಟ್ಟವನು ನಾನೇ.

ಎರಡನೆಯದು, ದೂರದೇಶಗಳಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ. ನಿಮ್ಮ ಮನೆಯ ಬಾಗಿಲಿನಿಂದ ಅಪ್ಪ ಅಮ್ಮನ ಮನೆಯ ಬಾಗಿಲಿಗೆ ಎಷ್ಟು ಗಂಟೆ ಎಂಬುದನ್ನು ಒಮ್ಮೆ ಪ್ರಾಮಾಣಿಕವಾಗಿ ಕೂಡಿಸಿ. ಟಿಕೆಟ್ ಹುಡುಕುವ ಹೊತ್ತು, ನಿಲ್ದಾಣಕ್ಕೆ ಹೋಗುವ ಹೊತ್ತು, ನಡುವೆ ಕಾಯುವ ಹೊತ್ತು, ಇಲ್ಲಿಯ ರಸ್ತೆಯ ಹೊತ್ತು, ಎಲ್ಲವೂ ಸೇರಲಿ. ವೀಸಾ ಮತ್ತಿತರ ಕಾಗದಪತ್ರಗಳ ಸ್ಥಿತಿಯನ್ನೂ ನೋಡಿಕೊಳ್ಳಿ. ಬಂದರೆ ಮರಳಿ ಹೋಗಲು ತೊಡಕಾಗಬಹುದೆಂಬ ಅಂಜಿಕೆ ಇದ್ದರೆ ಅದನ್ನು ತಂದೆತಾಯಿಗೆ ಮೊದಲೇ ಹೇಳಿ. ನೇರ ವಿಮಾನವಿದೆ ಎಂದು ನೆಚ್ಚಿ ಕೂರಬೇಡಿ. ಕಂಪನಿಗಳು ಮಾರ್ಗಗಳನ್ನು ಆರಂಭಿಸುತ್ತವೆ, ಕಡಿಮೆ ಮಾಡುತ್ತವೆ, ನಿಲ್ಲಿಸುತ್ತವೆ. ಬಂದ ಮೊತ್ತವನ್ನು ಒಡಹುಟ್ಟಿದವರಿಗೂ ನೆರೆಯವರಿಗೂ ಹೇಳಿಟ್ಟಿರಿ. ಮುಖ್ಯವಾಗಿ, ಆ ಮೊತ್ತ ನೋಡಿದ ಮೇಲೆ “ಬೇಕಾದಾಗ ಹೋದರಾಯಿತು” ಎಂಬ ಮಾತು ನಿಮ್ಮ ಬಾಯಲ್ಲಿ ಉಳಿಯುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಬೇಕಾದಾಗ ಹೋಗಲು ಆಗುವುದಿಲ್ಲ. ಆದ್ದರಿಂದ ಆಗುವಾಗ ಬನ್ನಿ.

ಮೂರನೆಯದು, ನನ್ನ ವಯಸ್ಸಿನವರಿಗೆ. ಮಕ್ಕಳಿಗೆ ತೊಂದರೆಯಾಗಬಾರದೆಂದು ಕಾಯಿಲೆಯನ್ನು ಮುಚ್ಚಿಡುವುದು, “ಈಗ ಬೇಡ” ಎನ್ನುವುದು ನಮ್ಮ ತಲೆಮಾರಿನ ದೊಡ್ಡಸ್ತಿಕೆ. ಅದು ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಅದರ ಸಾಲವನ್ನು ಆಮೇಲೆ ಮಕ್ಕಳು ತೀರಿಸಬೇಕಾಗುತ್ತದೆ. ನೋಡಬೇಕೆನಿಸಿದರೆ ಬಾಯಿಬಿಟ್ಟು ಹೇಳೋಣ. “ಒಮ್ಮೆ ಬಂದು ಹೋಗು” ಎನ್ನುವುದರಲ್ಲಿ ಅವಮಾನವೇನಿದೆ?

ನನ್ನ ಮಗಳಿರುವುದು ಸ್ಯಾನ್ ಫ್ರಾನ್ಸಿಸ್ಕೋದಷ್ಟು ದೂರದಲ್ಲಲ್ಲ, ಸಿಂಗಾಪುರದಲ್ಲಿ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಅಕ್ಕನ ಕಾರ್ಯ ಮುಗಿಸಿ ಬಂದ ರಾತ್ರಿ ನಾನೂ ನನ್ನ ಹೆಂಡತಿಯೂ ಕುಳಿತು ಬಾಗಿಲಿನಿಂದ ಬಾಗಿಲಿಗೆ ಕೂಡಿಸಿದೆವು. ಎಲ್ಲ ಸುಸೂತ್ರವಾದರೂ ಇಪ್ಪತ್ತೆರಡು ಗಂಟೆ ಬಂತು. ಅಡುಗೆಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಆ ಅಂಕಿಯನ್ನು ಬರೆದಿದ್ದೇವೆ. ಅದನ್ನು ನೋಡಿಯೇ ಆ ವರ್ಷದ ದೀಪಾವಳಿಗೆ ಅವಳಿಗೆ ಫೋನು ಮಾಡಿ, ರಜೆ ಸಿಗುತ್ತದೆಯೋ ಇಲ್ಲವೋ ಎಂದು ಕೇಳದೆ, “ಬಾ” ಎಂದೆ. ಬಂದಳು. ನಾಲ್ಕು ದಿನವಿದ್ದು ಹೋದಳು.

ನಿಮ್ಮ ನಿಮ್ಮ ಲೆಕ್ಕವನ್ನು ನೀವೂ ಮಾಡಿ, ಬಂದ ಉತ್ತರವನ್ನು ನನಗೆ ಬರೆದು ತಿಳಿಸಿ. ಇದು ಮನೆಗೆಲಸ. ಹಿಂದಿನಂತೆಯೇ ಈಗಲೂ, ಬರೀ ಉತ್ತರ ಬರೆದರೆ ಸಾಲದು. ಹಂತಗಳನ್ನೆಲ್ಲ ತೋರಿಸಿದವರಿಗೆ ಮಾತ್ರ ಪೂರ್ಣ ಅಂಕ.